ವಿಂಡೋಸ್ 10 ಬೆಂಬಲ ನಿಂತಿದೆ: ಕೋಲಾರದ ಮಂಡಿ, ಡೈರಿ, ಆಫೀಸುಗಳ ಕಂಪ್ಯೂಟರ್‌ಗಳನ್ನು ಈಗೇನು ಮಾಡುವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅದರಿಂದ ಯಾವ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಕೋಲಾರದ ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಗಳಲ್ಲಿ ಬಿಲ್ಲು ಎಂದಿನಂತೆ ಪ್ರಿಂಟಾಗುತ್ತಿದೆ, ಹಳ್ಳಿ ಡೈರಿಗಳಲ್ಲಿ ಹಾಲಿನ ಚೀಟಿ ಹೊರಬರುತ್ತಿದೆ, ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಅರ್ಜಿಗಳು ಟೈಪಾಗುತ್ತಿವೆ. ಹೀಗೆ ಕಣ್ಣಿಗೆ ಏನೂ ಕಾಣದಿರುವುದರಿಂದಲೇ ಗೊಂದಲ ಹೆಚ್ಚಿದೆ. ಓಡುತ್ತಿದೆಯಲ್ಲ, ಇರಲಿ ಬಿಡಿ ಎಂದು ಕೆಲವರು ಸುಮ್ಮನಿದ್ದಾರೆ. ಇನ್ನು ಕೆಲವರು ಯಾರೋ ಹೆದರಿಸಿದರೆಂದು ಆಫೀಸಿನ ಅಷ್ಟೂ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಿ ಹೊಸದಕ್ಕೆ ಸಾಲ ಮಾಡಲು ಹೊರಟಿದ್ದಾರೆ. ಎರಡೂ ದುಬಾರಿ ತೀರ್ಮಾನಗಳೇ. ಪ್ರತಿಯೊಂದು ಮೆಷಿನ್ ಯಾವ ಕೆಲಸ ಮಾಡುತ್ತದೆ, ಯಾವುದಕ್ಕೆ ತಗುಲಿಕೊಂಡಿದೆ ಎಂದು ನೋಡಿ ಒಂದೊಂದಕ್ಕೂ ಬೇರೆ ಬೇರೆ ನಿರ್ಧಾರ ಮಾಡಬೇಕು. ಒಂದೇ ಆಫೀಸಿನ ಮೂರು ಕಂಪ್ಯೂಟರ್‌ಗಳಿಗೆ ಮೂರು ಬೇರೆ ಉತ್ತರ ಬಂದರೆ ಅದರಲ್ಲಿ ತಪ್ಪೇನಿಲ್ಲ.

ಬೆಂಬಲ ನಿಂತರೆ ಆಗುವುದೇನು

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ಸಾಫ್ಟ್‌ವೇರ್‌ನಲ್ಲಿ ಸಿಕ್ಕ ತೂತುಗಳಿಗೆ ತೇಪೆ ಬಿಡುಗಡೆ ಮಾಡುತ್ತದೆ. ವಿಂಡೋಸ್ 11ರ ಬಹುಪಾಲು ಕೋಡ್ ವಿಂಡೋಸ್ 10ರಿಂದಲೇ ಬಂದದ್ದು. 11ಕ್ಕೆ ತೇಪೆ ಬಂದ ದಿನ ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಎಂಬುದು ಬಲ್ಲವರಿಗೆ ಗೊತ್ತಾಗಿಬಿಡುತ್ತದೆ. ಅದೇ ತೂತು 10ರಲ್ಲೂ ಇದ್ದರೆ ಅಲ್ಲಿ ಮುಚ್ಚುವವರಿಲ್ಲ. ಅಂದರೆ 11ರ ಪ್ರತಿ ತೇಪೆಯೂ 10ರ ಮೇಲೆ ದಾಳಿ ಮಾಡುವವರಿಗೆ ದಾರಿ ತೋರಿಸುತ್ತದೆ. ಅಪಾಯ ಗಡುವಿನ ದಿನ ಒಮ್ಮೆಲೇ ಬಂದು ಎರಗುವುದಿಲ್ಲ, ತಿಂಗಳಿಂದ ತಿಂಗಳಿಗೆ ಪೇರುತ್ತಾ ಹೋಗುತ್ತದೆ.

2017ರಲ್ಲಿ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ವೈರಸ್‌ನ ದಾಳಿಯಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಫೈಲ್ ಹಂಚಿಕೆಗೆ ಬಳಸುವ ಹಳೆಯ ಎಸ್‌ಎಂಬಿ ಆವೃತ್ತಿ 1ರಲ್ಲಿದ್ದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ನಡುವಿನ ಎರಡು ತಿಂಗಳಲ್ಲಿ ತೇಪೆ ಹಾಕಿಕೊಳ್ಳದ ಕಂಪ್ಯೂಟರ್‌ಗಳೇ ಬಲಿಯಾದವು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆಗ ತುರ್ತಾಗಿ ತೇಪೆ ಬಿಡಬೇಕಾಯಿತು. ಅಲ್ಲಿ ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಒಂದೇ ನೆಟ್‌ವರ್ಕಿನಲ್ಲಿದ್ದ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. ‘ನಾನು ಕಂಡ ಕಂಡ ಸೈಟಿಗೆ ಹೋಗುವುದಿಲ್ಲ, ನನಗೇನೂ ಆಗಲ್ಲ’ ಎನ್ನುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಆಂಟಿವೈರಸ್ ಇದೆಯಲ್ಲ ಎಂಬ ಪ್ರಶ್ನೆ ಸಹಜ. ವಿಂಡೋಸ್ 10ರ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತುಗಳು 2028ರ ಅಕ್ಟೋಬರ್‌ವರೆಗೆ ಬರುತ್ತಲೇ ಇರುತ್ತವೆ. ಎಡ್ಜ್ ಬ್ರೌಸರ್‌ಗೂ ಕನಿಷ್ಠ ಅಲ್ಲಿಯವರೆಗೆ ಅಪ್‌ಡೇಟ್ ಇದೆ. ಮೈಕ್ರೋಸಾಫ್ಟ್ 365ರ ವರ್ಡ್, ಎಕ್ಸೆಲ್‌ಗಳಿಗೆ 2028ರ ಅಕ್ಟೋಬರ್ 10ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಇವೆಲ್ಲ ಒಳ್ಳೆಯದೇ. ಆದರೆ ಗುರುತು ಸಿಕ್ಕ ಕಳ್ಳನನ್ನು ಹಿಡಿಯುವುದಷ್ಟೇ ಡಿಫೆಂಡರ್‌ನ ಕೆಲಸ. ಅಡಿಯಲ್ಲಿರುವ ವಿಂಡೋಸ್‌ನಲ್ಲೇ ತೂತಿದ್ದರೆ ದಾಳಿಕೋರ ಮೊದಲು ಡಿಫೆಂಡರ್ ಅನ್ನೇ ಆರಿಸುತ್ತಾನೆ. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬಂದಿಲ್ಲ: ಒಮ್ಮೆ ಹಣ ಕೊಟ್ಟು ಕೊಳ್ಳುವ ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲ್‌ನಲ್ಲಿ ಬರುವ ವರ್ಡ್, ಎಕ್ಸೆಲ್ ಫೈಲುಗಳನ್ನು ದಿನವೂ ತೆರೆಯುವ ಆಫೀಸುಗಳಿಗೆ ಇದು ವಿಂಡೋಸ್‌ನಷ್ಟೇ ಮುಖ್ಯ.

ಕೆಲಸ ನಿಲ್ಲುವುದು ಸಾಮಾನ್ಯವಾಗಿ ಬ್ರೌಸರ್ ಕೈಕೊಟ್ಟಾಗ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿತು. ಹೊಸ ಬ್ರೌಸರ್ ಬೇಡುವ ಪೋರ್ಟಲ್‌ಗಳು ಆಮೇಲೆ ಒಂದೊಂದಾಗಿ ತೆರೆಯದಾದವು. 10ಕ್ಕೆ ಆ ಸ್ಥಿತಿ ಇನ್ನೂ ಬಂದಿಲ್ಲ. ಈ ಬಿಡುವನ್ನು ಯೋಚಿಸಿ ಬಳಸಿಕೊಳ್ಳಬೇಕು.

ಮೊದಲು ಕಂಪ್ಯೂಟರ್‌ನ ಜಾತಕ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ವಿನ್‌ವರ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ 22ಎಚ್2 ಎಂದಿರಬೇಕು. ಅದಕ್ಕಿಂತ ಹಳೆಯದಿದ್ದರೆ ಮುಂದಿನ ಯಾವ ಮಾತಿಗೂ ಮೊದಲು 22ಎಚ್2ಕ್ಕೆ ಬನ್ನಿ. ಆಮೇಲೆ ಅದೇ ರೀತಿ ‘ಎಂಎಸ್‌ಇನ್ಫೋ32’ ತೆರೆದು ಪ್ರೊಸೆಸರ್ ಹೆಸರು, ಬಯೋಸ್ ಮೋಡ್ (ಕಂಪ್ಯೂಟರ್ ಎದ್ದೇಳುವ ಬಗೆ) ಹೊಸ ಯುಇಎಫ್ಐ ಇದೆಯೋ ಹಳೆಯ ಲೆಗಸಿಯೋ, ಸೆಕ್ಯೂರ್ ಬೂಟ್ (ಎದ್ದೇಳುವಾಗ ನಂಬಿಕಸ್ತ ಪ್ರೋಗ್ರಾಂ ಮಾತ್ರ ಓಡಲು ಬಿಡುವ ಕಾವಲು) ಆನ್ ಇದೆಯೋ ಎಂದು ಬರೆದಿಟ್ಟುಕೊಳ್ಳಿ. ಸಿಸ್ಟಂ ಟೈಪ್ ಎದುರು 32 ಬಿಟ್ ಎಂದಿದೆಯೇ ಎಂಬುದನ್ನೂ ನೋಡಿ. ಕೊನೆಗೆ ‘ಟಿಪಿಎಂ ಡಾಟ್ ಎಂಎಸ್‌ಸಿ’ ತೆರೆದರೆ ಟಿಪಿಎಂ, ಅಂದರೆ ಭದ್ರತಾ ಕೀಲಿಗಳನ್ನು ಕಾಪಿಡುವ ಚಿಪ್‌ನ ಆವೃತ್ತಿ ಕಾಣುತ್ತದೆ.

ವಿಂಡೋಸ್ 11ಕ್ಕೆ 4 ಜಿಬಿ ರ್ಯಾಮ್, 64 ಜಿಬಿ ಜಾಗ, ಯುಇಎಫ್ಐ ಮತ್ತು ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕು. ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಸ್ಥೂಲವಾಗಿ ಇಂಟೆಲ್ ಆದರೆ 8ನೇ ಪೀಳಿಗೆ, ಎಎಂಡಿ ಆದರೆ ರೈಝನ್ 2000 ಸರಣಿಯಿಂದ ಮುಂದಕ್ಕೆ. ಡೆಸ್ಕ್‌ಟಾಪ್‌ಗಳ ಇಂಟೆಲ್ ಹೆಸರಿನಲ್ಲಿ ಐ3, ಐ5 ಆದ ಮೇಲೆ ಬರುವ ನಾಲ್ಕಂಕಿಯ ಸಂಖ್ಯೆಯ ಮೊದಲ ಅಂಕಿ ಪೀಳಿಗೆ ಹೇಳುತ್ತದೆ: ಐ5-4570 ಎಂದರೆ 4ನೇ ಪೀಳಿಗೆ, ಐ3-8100 ಎಂದರೆ 8ನೇದು. 4 ಜಿಬಿ ರ್ಯಾಮ್ ಕಾಗದದ ಮೇಲಿನ ಅರ್ಹತೆ ಮಾತ್ರ. ನಾಲ್ಕು ಟ್ಯಾಬ್, ಟ್ಯಾಲಿ, ಒಂದು ಪಿಡಿಎಫ್ ತೆರೆದಿಟ್ಟು ಕೆಲಸ ಮಾಡುವ ಆಫೀಸಿಗೆ 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ವಿಂಡೋಸ್ 11 ಹಾಕಬೇಡಿ.

‘ಟಿಪಿಎಂ ಇಲ್ಲ’ ಎಂದು ತೋರಿಸಿದ ತಕ್ಷಣ ಮೆಷಿನ್ ಕೈಬಿಡಬಾರದು. 8ನೇ ಪೀಳಿಗೆಯ ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ಅದು ಬಯೋಸ್‌ನಲ್ಲಿ ಆಫ್ ಆಗಿರುವುದು ತೀರಾ ಸಾಮಾನ್ಯ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. ಆನ್ ಮಾಡಿದರೆ ಆಯಿತು. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ, ಬಯೋಸ್ ಮುಟ್ಟುವ ಮುನ್ನ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ, 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಇಲ್ಲದಿದ್ದರೆ ಮರುಬೂಟ್ ಆದಾಗ ಅದು ಕೀ ಕೇಳುತ್ತದೆ. ಕೀ ಇಲ್ಲದವರಿಗೆ ಡೇಟಾ ಸಿಗುವುದಿಲ್ಲ.

ಹಣಕಾಸಿನ ಕಂಪ್ಯೂಟರ್ ಮೊದಲು

ನೆಟ್‌ಬ್ಯಾಂಕಿಂಗ್, ಜಿಎಸ್‌ಟಿ, ಡಿಜಿಟಲ್ ಸಹಿ, ಊರಿನವರ ಆಧಾರ್ ದಾಖಲೆ ಹಾದುಹೋಗುವ ಮೆಷಿನ್‌ನಲ್ಲಿ ಅಪ್‌ಡೇಟ್ ಇಲ್ಲದ ವಿಂಡೋಸ್ ಒಂದು ದಿನವೂ ಇರಬಾರದು. ತೆರಿಗೆ ಸಲಹೆಗಾರರ ಆಫೀಸು, ಮಂಡಿಯ ಲೆಕ್ಕದ ಮೇಜು, ಸಹಕಾರ ಸಂಘ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಶಾಲೆಯ ಕಚೇರಿ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಜನರ ಖಾಸಗಿ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಭದ್ರತೆ ಒದಗಿಸಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ತಾತ್ಕಾಲಿಕ ಪರಿಹಾರ ಇಎಸ್‌ಯು, ಅಂದರೆ ವಿಸ್ತರಿತ ಭದ್ರತಾ ಅಪ್‌ಡೇಟ್. ಸ್ವಂತ ಬಳಕೆಯ ಕಂಪ್ಯೂಟರ್‌ಗಳಿಗೆ ಇದು 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಣೆಯಾಗಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಉಚಿತ. ಅದು ಬೇಡವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಒಂದು ಲೈಸೆನ್ಸ್ ಒಂದೇ ಅಕೌಂಟ್‌ನ 10 ಮೆಷಿನ್‌ಗಳವರೆಗೆ ಸಾಗುತ್ತದೆ. ಹಣ ಕೊಟ್ಟರೂ ಮೈಕ್ರೋಸಾಫ್ಟ್ ಅಕೌಂಟ್ ತಪ್ಪುವುದಿಲ್ಲ. ತಡವಾಗಿ ಸೇರಿದವರಿಗೂ ಹಿಂದಿನ ತಿಂಗಳುಗಳ ತೇಪೆಗಳು ಒಟ್ಟಿಗೆ ಬರುತ್ತವೆ, ಆದರೆ ನಡುವೆ ಬಯಲಿನಲ್ಲಿದ್ದ ದಿನಗಳ ಅಪಾಯ ಅಪಾಯವೇ. ಡೊಮೇನ್‌ಗೆ, ಅಂದರೆ ಸಂಸ್ಥೆಯ ಸರ್ವರ್‌ನ ಹಿಡಿತಕ್ಕೆ, ಸೇರಿಸಿದ ಕಂಪ್ಯೂಟರ್‌ಗಳಿಗೆ ಈ ದಾರಿ ಇಲ್ಲ. ಸಂಸ್ಥೆಗಳ ಇಎಸ್‌ಯು ಮೊದಲ ವರ್ಷ ಒಂದು ಮೆಷಿನ್‌ಗೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು, ಗರಿಷ್ಠ ಮೂರು ವರ್ಷ. ಎರಡನೇ ವರ್ಷ ಸೇರುವವರು ಮೊದಲ ವರ್ಷದ ಹಣವನ್ನೂ ಕಟ್ಟಬೇಕು. ಹಳೆಯ 4ನೇ ಪೀಳಿಗೆಯ ಡೆಸ್ಕ್‌ಟಾಪ್‌ಗೆ ಮೂರು ವರ್ಷ ಈ ಹಣ ಸುರಿಯುವುದಕ್ಕೆ ಅರ್ಥವಿಲ್ಲ. ಒಂದು ವರ್ಷದ ಉಸಿರಾಟಕ್ಕೆ ಮಾತ್ರ ಸರಿ.

ಇಎಸ್‌ಯುಗೆ ಇನ್ನೊಂದು ಕಾರಣವೂ ಇದೆ. ಸೆಕ್ಯೂರ್ ಬೂಟ್ ನಂಬುವ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಹೊಸ 2023ರ ಪ್ರಮಾಣಪತ್ರಗಳು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಅವಧಿ ಮುಗಿದ ಮಾತ್ರಕ್ಕೆ ಮೆಷಿನ್ ಬೂಟ್ ಆಗದೆ ನಿಲ್ಲುವುದಿಲ್ಲ, ಆದರೆ ಬೂಟ್ ಹಂತದ ಭದ್ರತಾ ತೇಪೆಗಳು ಅಲ್ಲಿಂದ ಮುಂದೆ ಅದಕ್ಕೆ ಸಿಗುವುದಿಲ್ಲ.

ಕೋಲಾರದ ಪೇಟೆಯಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳುವವರು ‘ವಿಂಡೋಸ್ 11 ಹಾಕಿದೆ’ ಎಂಬ ಮಾತಿಗೆ ಒಪ್ಪಿಬಿಡಬಾರದು. ಟಿಪಿಎಂ, ಪ್ರೊಸೆಸರ್ ತಪಾಸಣೆಗಳನ್ನು ದಾಟಿಸಿ 4ನೇ ಪೀಳಿಗೆಯ ಮೆಷಿನ್‌ಗೂ 11 ಹಾಕಲು ಬರುತ್ತದೆ. ಅಂಥ ಮೆಷಿನ್‌ಗೆ ಅಪ್‌ಡೇಟ್ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ವಾರ್ಷಿಕ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಕೈಯಿಂದಲೇ ಹಾಕಬೇಕು. ಹಾಕದೆ ಬಿಟ್ಟರೆ ಅದೂ ಬೆಂಬಲದಾಚೆ ಹೋಗುತ್ತದೆ: 11ರ ಹೋಮ್, ಪ್ರೊಗಳ 23ಎಚ್2 ಆವೃತ್ತಿಯ ಅವಧಿ 2025ರ ನವೆಂಬರ್ 11ಕ್ಕೇ ಮುಗಿದಿದೆ, 24ಎಚ್2 ಆವೃತ್ತಿಯದು 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ಕೊಳ್ಳುವಾಗ ಮಾಡೆಲ್ ಸಂಖ್ಯೆ ಕೇಳಿ. ಡೆಲ್ ಆಪ್ಟಿಪ್ಲೆಕ್ಸ್ 3050 ಬೇಡ, 3060 ಆಗಬಹುದು. ಲೆನೊವೊ ಥಿಂಕ್‌ಸೆಂಟರ್ ಎಂ710 ಬೇಡ, ಎಂ720 ಆಗಬಹುದು. ಬೆಲೆಯಲ್ಲಿ ವ್ಯತ್ಯಾಸ ದೊಡ್ಡದಿರುವುದಿಲ್ಲ, ಒಂದು 7ನೇ ಪೀಳಿಗೆ, ಇನ್ನೊಂದು 8ನೇದು. 2025ರ ಕೊನೆಯಿಂದ ರ್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿದೆ, ಆದ್ದರಿಂದ ರ್ಯಾಮ್ ಆಮೇಲೆ ಹಾಕಿಸೋಣ ಎನ್ನದೆ 8 ಜಿಬಿ ಇರುವ ಮೆಷಿನ್ ಅನ್ನೇ ಕೇಳಿ.

ಕೊಂಡ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಕೊಟ್ಟು ನೋಡಿ. ಉತ್ತರದಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬಂದರೆ, ದೊಡ್ಡ ಸಂಸ್ಥೆಯ ಒಳಗೆ ಮಾತ್ರ ಬಳಸುವ ಬಗೆಯಲ್ಲಿ ಅದನ್ನು ಸಕ್ರಿಯಗೊಳಿಸಿದ್ದಾರೆ ಎಂದರ್ಥ. ನಿಮ್ಮ ಅಂಗಡಿಯಲ್ಲಿ ಅಂಥ ಸರ್ವರ್ ಇಲ್ಲದಿದ್ದರೆ ಅದು ಕ್ರ್ಯಾಕ್. ಅಂಥ ಕ್ರ್ಯಾಕ್‌ಗಳನ್ನು ಓಡಿಸಲು ಡಿಫೆಂಡರ್ ಆಫ್ ಮಾಡಿ ಎನ್ನುತ್ತಾರೆ. ಯಾರೋ ಬರೆದ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಕೊಟ್ಟ ಮೆಷಿನ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವುದಾದರೆ ಬೆಂಬಲದ ಚರ್ಚೆಯೇ ವ್ಯರ್ಥ.

ಮೇಲ್ದರ್ಜೆಗೆ ಏರಿಸುವಾಗ ಎಡವುವ ಜಾಗಗಳು

ನಮ್ಮಲ್ಲಿ ಹೆಚ್ಚಿನ ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಭಾಗ ಮಾಡಿರುತ್ತಾರೆ, ಹಳೆಯ ಎಂಬಿಆರ್ ಪದ್ಧತಿಯಲ್ಲಿ. ವಿಂಡೋಸ್ 11ಕ್ಕಾಗಿ ಅದು ಜಿಪಿಟಿ ಆಗಬೇಕು. ಡೇಟಾ ಅಳಿಸದೆ ಬದಲಿಸಲು ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಸಾಧನವಿದೆ. ಮೊದಲು ‘ವ್ಯಾಲಿಡೇಟ್’ ಕೊಟ್ಟು ಪರೀಕ್ಷಿಸಿ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಂದಿದ್ದರೂ ಅದು ವಿಫಲವಾಗುತ್ತದೆ. ಇ, ಎಫ್ ಡ್ರೈವ್‌ಗಳು ಬಹುತೇಕ ಎಕ್ಸ್‌ಟೆಂಡೆಡ್‌ನ ಒಳಗೇ ಇರುತ್ತವೆ. ಆಗ ಅವುಗಳಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಪಾರ್ಟಿಷನ್ ಅಳಿಸಿ, ಮತ್ತೆ ಪರೀಕ್ಷಿಸಬೇಕು. ಕ್ರಮ ತಪ್ಪಬಾರದು: ಮೊದಲು ಪರಿವರ್ತನೆ, ಆಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಲೆಗಸಿ ಬಗೆ) ಆಫ್ ಮಾಡಿ ಯುಇಎಫ್ಐ ಆನ್. ಉಲ್ಟಾ ಮಾಡಿದರೆ ‘ಬೂಟ್ ಡಿವೈಸ್ ಇಲ್ಲ’ ಎಂಬ ಕಪ್ಪು ಪರದೆ ಬರುತ್ತದೆ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಹಳೆಯ ವಿಂಡೋಸ್ ಹಾಗೆಯೇ ಎದ್ದು ಬರುತ್ತದೆ.

ಇದಕ್ಕಿಂತ ನಿಶ್ಚಿಂತೆಯ ದಾರಿ ಒಂದಿದೆ, ಸಣ್ಣ ಆಫೀಸುಗಳಿಗೆ ನಾವು ಅದನ್ನೇ ಹೇಳುತ್ತೇವೆ. ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿ ಅದನ್ನು ಮುಟ್ಟದೆ ಪಕ್ಕಕ್ಕಿಡಿ. 256 ಅಥವಾ 500 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ಹೊಸ ವ್ಯವಸ್ಥೆ ಸ್ಥಾಪಿಸಿ. ಅರ್ಧ ದಾರಿಯಲ್ಲಿ ಏನಾದರೂ ಕೈಕೊಟ್ಟರೆ ಹಳೆಯ ಡಿಸ್ಕಿನ ಕೇಬಲ್ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮತ್ತೆ ಶುರು. ಇದ್ದ ಡಿಸ್ಕಿನಲ್ಲೇ ಅಪ್‌ಗ್ರೇಡ್ ಮಾಡಿದವರಿಗೆ ಹಿಂದಕ್ಕೆ ಮರಳಲು ವಿಂಡೋಸ್ ಹತ್ತು ದಿನ ಮಾತ್ರ ಕೊಡುತ್ತದೆ. 32 ಬಿಟ್ ವಿಂಡೋಸ್ 10 ಇದ್ದವರಿಗಂತೂ ನೇರ ಅಪ್‌ಗ್ರೇಡ್ ಇಲ್ಲವೇ ಇಲ್ಲ, ಏಕೆಂದರೆ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅವರ ಡಾಸ್ ಕಾಲದ ಫಾಕ್ಸ್‌ಪ್ರೋ ಬಿಲ್ಲಿಂಗ್ ಪ್ರೋಗ್ರಾಂ ಅಲ್ಲಿ ನೇರವಾಗಿ ಓಡುವುದಿಲ್ಲ, ಡಾಸ್‌ಬಾಕ್ಸ್‌ನಂಥ ಸಾಧನದ ಒಳಗೆ ಓಡಿಸಿ ನೋಡಬೇಕು. 32 ಬಿಟ್ ಡ್ರೈವರ್ ಮಾತ್ರ ಇರುವ ಹಳೆಯ ಪ್ರಿಂಟರ್‌ಗಳೂ ಕೆಲಸ ಮಾಡುವುದಿಲ್ಲ.

ಬ್ಯಾಕಪ್ ಎಂದಾಗ ಡಿ ಡ್ರೈವ್ ನಕಲಿಸಿ ನಿಲ್ಲಿಸುತ್ತಾರೆ. ಉಳಿದುಹೋಗುವುದು ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್‌ಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲು, ನುಡಿ ಫಾಂಟ್‌ಗಳು, ಡಿಜಿಟಲ್ ಸಹಿ ಟೋಕನ್‌ನ ಡ್ರೈವರ್. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಅಲ್ಲಿಂದಲೇ ಬ್ಯಾಕಪ್ ತೆಗೆಯಿರಿ. ಹಳೆಯ ವಿಂಡೋಸ್ ಕೊನೆಯ ಬಾರಿ ಮುಚ್ಚುವ ಮೊದಲು ಟ್ಯಾಲಿಯ ಲೈಸೆನ್ಸನ್ನು ‘ಸರೆಂಡರ್’ ಮಾಡಿ, ಇಲ್ಲದಿದ್ದರೆ ಹೊಸದರಲ್ಲಿ ಆ್ಯಕ್ಟಿವೇಟ್ ಆಗದೆ ಸತಾಯಿಸುತ್ತದೆ. ತೆಗೆದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು, ಕಳೆದ ವಾರದ ಒಂದು ಬಿಲ್ಲು ಕಾಣುತ್ತದೆಯೇ ಎಂದು ನೋಡಿದ ಮೇಲೆಯೇ ಅದನ್ನು ನಂಬಿ.

ಅಪ್‌ಗ್ರೇಡ್ ಆದ ಮರುದಿನ ಆಫೀಸುಗಳಿಂದ ಬರುವ ಮೊದಲ ದೂರು: ಜೆರಾಕ್ಸ್ ಮೆಷಿನ್‌ನಿಂದ ಸ್ಕ್ಯಾನ್ ಮಾಡಿದ್ದು ಕಂಪ್ಯೂಟರ್ ಫೋಲ್ಡರ್‌ಗೆ ಬರುತ್ತಿಲ್ಲ. ಕಾರಣ, ಹಳೆಯ ಜೆರಾಕ್ಸ್ ಮೆಷಿನ್‌ಗಳು ಎಸ್‌ಎಂಬಿ 1ರಲ್ಲಿ ಮಾತಾಡುತ್ತವೆ, ಪಾಸ್‌ವರ್ಡ್ ಇಲ್ಲದ ಅತಿಥಿಯಾಗಿ ಒಳಬರಲು ನೋಡುತ್ತವೆ. ವಿಂಡೋಸ್ 11ರಲ್ಲಿ ಎಸ್‌ಎಂಬಿ 1 ತಾನಾಗಿ ಆನ್ ಇರುವುದಿಲ್ಲ, 24ಎಚ್2ರ ಪ್ರೊ ಆವೃತ್ತಿ ಅತಿಥಿಗಳನ್ನು ತಡೆದು ಸಹಿ ಮಾಡಿದ ಸಂಪರ್ಕವನ್ನೇ ಕೇಳುತ್ತದೆ. ಯಾರೋ ಬಂದು ಎಸ್‌ಎಂಬಿ 1 ಆನ್ ಮಾಡಿ ‘ಸರಿಹೋಯಿತು’ ಎನ್ನುತ್ತಾರೆ. ಅದು ವಾನಾಕ್ರೈ ನುಗ್ಗಿದ ಅದೇ ಬಾಗಿಲು, ಒಪ್ಪಬೇಡಿ. ಕಂಪ್ಯೂಟರ್‌ನಲ್ಲಿ ಸ್ಕ್ಯಾನ್‌ಗೆಂದೇ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ ಆ ಹೆಸರು, ಪಾಸ್‌ವರ್ಡನ್ನು ಜೆರಾಕ್ಸ್ ಮೆಷಿನ್‌ನಲ್ಲಿ ತುಂಬಿಸಿ ನೋಡಿ. ಆಗದಿದ್ದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿ.

ಡೈರಿ ಮತ್ತು ವೇಬ್ರಿಡ್ಜ್: ಬದಲಿಸಲಾಗದ ಮೆಷಿನ್‌ಗಳು

ಹಾಲು ಉತ್ಪಾದಕರ ಸಂಘದ ಕಂಪ್ಯೂಟರ್‌ಗೆ ಹಾಲು ಪರೀಕ್ಷಿಸುವ ಅನಲೈಸರ್, ತೂಕದ ಯಂತ್ರ, ಚೀಟಿ ಪ್ರಿಂಟರ್ ತಗುಲಿಕೊಂಡಿರುತ್ತವೆ. ಅನಲೈಸರ್ ಮತ್ತು ತೂಕದ ಯಂತ್ರ ಸಾಮಾನ್ಯವಾಗಿ ಒಂಬತ್ತು ಪಿನ್‌ನ ಸೀರಿಯಲ್ ಪೋರ್ಟ್ ಮೂಲಕ ಸಂಖ್ಯೆ ಕಳಿಸುತ್ತವೆ. ಕಲ್ಲು ಕ್ವಾರಿಗಳ ವೇಬ್ರಿಡ್ಜ್‌ಗಳದೂ ಇದೇ ಕತೆ. ಇಲ್ಲಿ ಕಂಪ್ಯೂಟರ್ ಹಳೆಯದಾದರೂ ಅದರ ಬಾಲ ಹಿಡಿದ ಯಂತ್ರಗಳಿಗೆ ಇನ್ನೂ ಹತ್ತು ವರ್ಷ ಆಯಸ್ಸಿರುತ್ತದೆ.

ಹೊಸ ಕಂಪ್ಯೂಟರ್‌ನಲ್ಲಿ ಸೀರಿಯಲ್ ಪೋರ್ಟ್ ಇರದಿದ್ದರೆ ಯುಎಸ್‌ಬಿ ಪರಿವರ್ತಕ ಕೇಬಲ್ ಹಾಕುತ್ತಾರೆ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಪಿಎಲ್2303 ಚಿಪ್‌ನ ಹಳೆಯ ಮಾದರಿ ಅಥವಾ ನಕಲಿ ಇರುವುದುಂಟು. ಹೊಸ ಡ್ರೈವರ್ ಇವುಗಳನ್ನು ಗುರುತಿಸಿ ಓಡಲು ಬಿಡುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬರುತ್ತದೆ, ಅನಲೈಸರ್ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸುತ್ತಾರೆ. ಎಫ್‌ಟಿಡಿಐ ಚಿಪ್ ಇರುವ ಕೇಬಲ್ ಕೇಳಿ ಕೊಳ್ಳಿ. ಎರಡನೆಯ ತೊಡಕು ಪೋರ್ಟ್ ಸಂಖ್ಯೆ. ಹಳೆಯ ಸಾಫ್ಟ್‌ವೇರ್ ಕಾಮ್1 ಅಥವಾ ಕಾಮ್2 ಎಂದೇ ಕಾಯುತ್ತಿರುತ್ತದೆ, ಹೊಸ ಕೇಬಲ್ ಕಾಮ್5 ಆಗಿ ಕೂರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ ಸಂಖ್ಯೆ ಬದಲಿಸಬೇಕು. ಹಳೆಯ ಮೆಷಿನ್ ಬಿಚ್ಚುವ ಮೊದಲು ಅದರ ಬಾಡ್ ರೇಟ್, ಡೇಟಾ ಬಿಟ್, ಪ್ಯಾರಿಟಿ ಮೂರನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಸಾಫ್ಟ್‌ವೇರ್ ಕೊಟ್ಟವರೇ ಕೈಬಿಟ್ಟಿದ್ದರೆ ಹಳೆಯ ವಿಂಡೋಸ್‌ನಲ್ಲೇ ಮುಂದುವರಿಯಬೇಕಾಗುತ್ತದೆ. ಆಗ ಅದನ್ನು ಇಂಟರ್ನೆಟ್‌ನಿಂದಲೂ ಆಫೀಸಿನ ನೆಟ್‌ವರ್ಕ್‌ನಿಂದಲೂ ಪೂರ್ತಿ ಬಿಡಿಸಿ. ಕೇಬಲ್ ತೆಗೆಯಿರಿ, ವೈಫೈ ಡಾಂಗಲ್ ಕಿತ್ತಿಡಿ. ದೂರದಿಂದ ರಿಪೇರಿ ಮಾಡಲು ಎಂದೋ ಹಾಕಿದ ಎನಿಡೆಸ್ಕ್‌ನಂಥ ಪ್ರೋಗ್ರಾಂ ಅಳಿಸಿ. ಮಾಹಿತಿ ಒಕ್ಕೂಟಕ್ಕೆ ಕಳಿಸಬೇಕಾದರೆ ಆ ಕೆಲಸಕ್ಕೇ ಮೀಸಲಾದ ಒಂದು ಪೆನ್‌ಡ್ರೈವ್ ಬಳಸಿ, ಇನ್ನೊಂದು ಅಪ್‌ಡೇಟ್ ಆಗಿರುವ ಮೆಷಿನ್‌ನಿಂದ ಕಳಿಸಿ. ಆ ಪೆನ್‌ಡ್ರೈವ್ ಹಾಡು, ಮದುವೆ ಫೋಟೊಗಳಿಗೆ ಹೋಗಬಾರದು. ಕ್ಲೋನ್‌ಜಿಲ್ಲಾ ಎಂಬ ಡಿಸ್ಕ್ ನಕಲಿಸುವ ಪ್ರೋಗ್ರಾಂನಿಂದ ಇಡೀ ಡಿಸ್ಕಿನ ಪ್ರತಿರೂಪ ತೆಗೆದು ಅಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಇನ್ನೊಂದು ಡಿಸ್ಕಿಗೆ ಇಳಿಸಿಡಿ. ಇಂಥ ಮೆಷಿನ್‌ಗಳನ್ನು ಹೆಚ್ಚಾಗಿ ನಿಲ್ಲಿಸುವುದು ವೈರಸ್ ಅಲ್ಲ, ಸವೆದ ಹಾರ್ಡ್ ಡಿಸ್ಕು.

ಲಿನಕ್ಸ್ ಎಲ್ಲಿ ಸರಿ, ಎಲ್ಲಿ ಬೇಡ

ಶಾಲೆಯ ಕಂಪ್ಯೂಟರ್ ಲ್ಯಾಬ್, ಗ್ರಂಥಾಲಯ, ಮನೆಯಲ್ಲಿ ಮಕ್ಕಳು ಓದಿಗೆ ಬಳಸುವ ಮೆಷಿನ್, ಬ್ರೌಸರ್ ಮತ್ತು ಟೈಪಿಂಗ್ ಮಾತ್ರ ಬೇಕಾದವರು ಇವರಿಗೆಲ್ಲ 2ನೇ ಪೀಳಿಗೆಯಿಂದ 7ನೇ ಪೀಳಿಗೆಯವರೆಗಿನ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ವ್ಯವಸ್ಥೆ, ಅದರಲ್ಲೂ ಲಿನಕ್ಸ್ ಮಿಂಟ್ 22, ಒಳ್ಳೆಯ ಆಯ್ಕೆ. 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ, ಹಣ ಕೊಡಬೇಕಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಡಿಸ್ಕ್ ಮುಟ್ಟದೆ ಅದರಿಂದಲೇ ಬೂಟ್ ಮಾಡಿ ವೈಫೈ, ಧ್ವನಿ, ಪ್ರಿಂಟರ್ ನೋಡಬಹುದು. ಆ ಪರೀಕ್ಷೆ ಮಾಡದೆ ಡಿಸ್ಕಿಗೆ ಹಾಕಬೇಡಿ.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಂ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿಯಲ್ಲಿ ಕೈ ಪಳಗಿದವರಿಗೆ ಬೇಕಾದ ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಸಿಗುತ್ತವೆ. ಗುಬ್ಬಿ, ನವಿಲು, ನೋಟೊ ಫಾಂಟ್‌ಗಳು ಸಿದ್ಧವಾಗಿವೆ. ತೊಂದರೆ ಹಳೆಯ ಫೈಲುಗಳದ್ದು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫೈಲುಗಳು ತಮ್ಮ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ, ಅದೇ ಬಗೆಯಲ್ಲಿ ಹೊಸದಾಗಿ ಟೈಪ್ ಮಾಡಲು ವಿಂಡೋಸ್‌ನ ನುಡಿಯೇ ಬೇಕು. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳಿ.

ಬೆರಳ ಗುರುತು ಓದುವ ಯಂತ್ರದಿಂದ ಆಧಾರ್ ದೃಢೀಕರಣ ಮಾಡುವ ಅಂಗಡಿ, ಡಿಜಿಟಲ್ ಸಹಿ ಟೋಕನ್ ಬಳಸುವ ಆಫೀಸು, ಟ್ಯಾಲಿಯೇ ಜೀವಾಳವಾದ ಮಂಡಿ ಲಿನಕ್ಸ್‌ಗೆ ಹೋಗಬಾರದು. ಜೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್‌ಗೆ ಲಿನಕ್ಸ್ ಡ್ರೈವರ್ ಇದ್ದರೂ ಹಳೆಯದು, ಹಟಮಾರಿ. ದಿನಕ್ಕೆ ನೂರಾರು ಹಾಳೆ ತೆಗೆಯುವ ಜಾಗದಲ್ಲಿ ಅದನ್ನು ನೆಚ್ಚಿ ಕೂರಲಾಗದು.

ಯಾವಾಗ ಮಾಡುವುದು

ಮಂಡಿಗಳು ಜೂನ್‌ನಿಂದ ಆಗಸ್ಟ್‌ವರೆಗಿನ ಟೊಮೆಟೊ ಸುಗ್ಗಿಯಲ್ಲಿ, ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳು ಮೇ, ಜೂನ್‌ನಲ್ಲಿ ಕಂಪ್ಯೂಟರ್ ಬಿಚ್ಚಬಾರದು. ತೆರಿಗೆ ಆಫೀಸುಗಳಿಗೆ 11ನೇ ತಾರೀಖು ಜಿಎಸ್‌ಟಿಆರ್ 1, 20ನೇ ತಾರೀಖು 3ಬಿ ಇರುವುದರಿಂದ ತಿಂಗಳ ಕೊನೆಯ ವಾರವೇ ಲೇಸು. ಡೈರಿಯಲ್ಲಿ ಬೆಳಗಿನ ಹಾಲು ಮುಗಿದು ಸಂಜೆಯದು ಶುರುವಾಗುವ ನಡುವೆ ಕೆಲಸ ಮುಗಿಯಬೇಕು. ಮುಗಿಯದಿದ್ದರೆ ಹಳೆಯ ಡಿಸ್ಕ್ ಸಿಕ್ಕಿಸಿ ಹಾಲು ಅಳೆದು ನಾಳೆ ಮುಂದುವರಿಸಬೇಕು. ಹಾರ್ಡ್ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಎರಡು ಗಂಟೆಗೂ ಹೆಚ್ಚು ಹಿಡಿಯಬಹುದು. ಸಣ್ಣ ಯುಪಿಎಸ್ ತಡೆಯುವುದು ಹತ್ತು, ಹದಿನೈದು ನಿಮಿಷ. ಕರೆಂಟ್ ಹೋಗುವ ವೇಳೆ ಗೊತ್ತಿದ್ದರೆ ಅದನ್ನು ತಪ್ಪಿಸಿ, ಇಲ್ಲವೇ ಇನ್ವರ್ಟರ್ ಲೈನಿಗೆ ಹಾಕಿ.

ಪಕ್ಕಕ್ಕಿಟ್ಟ ಹಳೆಯ ಡಿಸ್ಕನ್ನು ಮೂರು ತಿಂಗಳು ಬೀರುವಿನಲ್ಲಿ ಇಡಿ, ಒಂದು ತ್ರೈಮಾಸಿಕದ ಲೆಕ್ಕ ಹೊಸದರಲ್ಲಿ ಸರಿಯಾಗಿ ಮುಗಿಯಲಿ. ಆಮೇಲೆ ಗುಜರಿಯವನಿಗೆ ಹಾಗೆಯೇ ಕೊಡಬೇಡಿ. ಜೆರಾಕ್ಸ್ ಅಂಗಡಿಯ ಡಿಸ್ಕಿನಲ್ಲಿ ಊರಿನವರ ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ ಸ್ಕ್ಯಾನ್‌ಗಳು ಡೌನ್‌ಲೋಡ್ ಫೋಲ್ಡರ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಕ್ವಿಕ್ ಫಾರ್ಮ್ಯಾಟ್ ಅವನ್ನು ಅಳಿಸುವುದಿಲ್ಲ. ಹಾರ್ಡ್ ಡಿಸ್ಕಾದರೆ ಪೂರ್ತಿ ಮೇಲೆ ಒಂದು ಸಲ ಸೊನ್ನೆ ಬರೆಯಿರಿ, ಎಸ್‌ಎಸ್‌ಡಿಯಾದರೆ ಅದರ ತಯಾರಕರ ಸೆಕ್ಯೂರ್ ಇರೇಸ್ ಬಳಸಿ, ಓಡದ ಡಿಸ್ಕಾದರೆ ಡ್ರಿಲ್‌ನಿಂದ ತಟ್ಟೆಗಳನ್ನು ತೂತು ಮಾಡಿ, ನಂತರ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಟ್ಟು ರಸೀದಿ ಪಡೆಯಿರಿ.